ಒಬ್ಬರನ್ನೇ ಎಷ್ಟು ಸಲ ಕೇಳುವುದು?

ಈ ಪುಟವನ್ನು ಓದುವವರಲ್ಲಿ ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿಗಳು, ಉಳಿದವರು ನೆಂಟರಿಷ್ಟರು. ಆದ್ದರಿಂದ ಮನೆಯೊಳಗಿನ ಒಂದು ತಕರಾರನ್ನು ಇಲ್ಲಿ ಚರ್ಚೆಗೆ ಎತ್ತಿಕೊಂಡರೆ ಯಾರೂ ಬೇಸರಿಸಲಾರರೆಂದು ನಂಬಿದ್ದೇನೆ. ತಕರಾರು ನನ್ನ ತಂಗಿಯದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಆಕೆಯ ಮಗನಿಗೆ ‘ಐರನ್ ಮೇಡನ್’ ಎಂಬ ಇಂಗ್ಲೆಂಡಿನ ರಾಕ್ ತಂಡದ ಹುಚ್ಚು. 2007ರ ಮಾರ್ಚ್ 17ರಂದು ಆ ತಂಡ ಮೊದಲ ಬಾರಿಗೆ ಭಾರತಕ್ಕೆ ಬಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಅವನು ಅಲ್ಲಿದ್ದ. ಮರುವರ್ಷ ಫೆಬ್ರವರಿಯಲ್ಲಿ ಅವರು ಮುಂಬೈಗೆ ಬಂದರೆ ಅಲ್ಲಿಗೂ ಹೋದ. 2009ರಲ್ಲಿ ಮತ್ತೆ ಬೆಂಗಳೂರು. ಬಳಿಕ ಕಂಪನಿಯ ಕೆಲಸದ ಮೇಲೆ ವಿದೇಶಕ್ಕೆ ಹೋದಾಗ ಎರಡು ಸಲ. ಈಗ ನಲವತ್ತು ದಾಟಿದ, ಇಬ್ಬರು ಮಕ್ಕಳ ತಂದೆಯಾದ ಈ ಗೃಹಸ್ಥ ಆರನೆಯ ಸಲ ಕೇಳಲೆಂದು ವಿಮಾನ ಹತ್ತುವ ಯೋಚನೆಯಲ್ಲಿದ್ದಾನೆ.

“ಅಣ್ಣಾ, ನೀನರ ಅವಗ ಹೇಳು. ಅವೇ ಹಾಡು, ಅವೇ ಮಂದಿ. ಎಷ್ಟ್ ಸಲ ಅಂತ ಕೇಳ್ತಾನ? ಮನಿ ಸಾಲ ಇನ್ನಾ ತೀರಿಲ್ಲ” ಎಂದು ತಂಗಿ ಫೋನಿನಲ್ಲಿ ಅಲವತ್ತುಕೊಂಡಳು. ನ್ಯಾಯ ಕೇಳಲು ಆಕೆ ಹಿಡಿದದ್ದು ಕಕ್ಷಿದಾರನನ್ನೇ. ಏಕೆಂದರೆ 1969ರಿಂದ 2007ರವರೆಗೆ ನಾನು ಪಂಡಿತ ಭೀಮಸೇನ ಜೋಶಿಯವರನ್ನು ಮೂವತ್ತೊಂದು ಸಲ ಎದುರಿಗೆ ಕುಳಿತು ಕೇಳಿದವನು. ದಿನಚರಿಯಲ್ಲಿ ಬರೆದಿಟ್ಟ ಲೆಕ್ಕವಿದು. ಪುಣೆಯಲ್ಲಿ ಹದಿನಾರು, ಕುಂದಗೋಳದಲ್ಲಿ ನಾಲ್ಕು, ಉಳಿದವು ಹುಬ್ಬಳ್ಳಿ, ಧಾರವಾಡ, ಸೊಲ್ಲಾಪುರ, ಹೈದರಾಬಾದುಗಳಲ್ಲಿ. ಇದು ದುಂದು ಎಂದು ನನಗೆ ಅಂದೂ ಅನ್ನಿಸಿರಲಿಲ್ಲ, ಇಂದೂ ಅನ್ನಿಸುವುದಿಲ್ಲ. ಒಬ್ಬನೇ ಕಲಾವಿದನನ್ನು ಮರಳಿ ಮರಳಿ ಕೇಳದೆ ಅವನನ್ನು ಕೇಳಿದಂತೆಯೇ ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಧಾರವಾಡದಲ್ಲಿ ಓದಲು ಹೋಗುವವರೆಗೆ ನನಗೆ ಸಂಗೀತವೆಂದರೆ ನಮ್ಮ ಚಿಮ್ಮನಚೋಡದ ಭಜನೆ, ಅಮಾವಾಸ್ಯೆಯ ತತ್ವಪದ, ಮೊಹರಮ್ಮಿನ ಅಲಾಯಿ ಪದ ಮತ್ತು ಗುಲ್ಬರ್ಗಾದ ಬಂದೇನವಾಜರ ಉರುಸಿನಲ್ಲಿ ಒಮ್ಮೆ ಕೇಳಿದ ಕವ್ವಾಲಿ. ಖಯಾಲು ಎಂದರೇನೆಂಬುದೇ ತಿಳಿದಿರಲಿಲ್ಲ. ಸಹಪಾಠಿಯೊಬ್ಬ ಕುಂದಗೋಳಕ್ಕೆ ಎಳೆದುಕೊಂಡು ಹೋದ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೆಚ್ಚು ದೂರವಿಲ್ಲ. ಅಲ್ಲಿಯ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ನಿಮಿತ್ತ ರಾತ್ರಿಯಿಡೀ ಸಂಗೀತ. ಜಮಖಾನೆಯ ಮೇಲೆ ಒತ್ತಾಗಿ ಕುಳಿತ ಜನ. ಪಕ್ಕದಲ್ಲಿ ರುಮಾಲು ಸುತ್ತಿದ ಒಬ್ಬ ರೈತ, ಅವನಾಚೆ ಕರಿ ಕೋಟಿನ ಒಬ್ಬ ವಕೀಲ. ರಾತ್ರಿ ಎರಡು ದಾಟಿದ ಮೇಲೆ ಭೀಮಸೇನರು ಕುಳಿತರು. ಅಂದು ನನಗೆ ಅರ್ಥವಾದದ್ದು ಬಹಳ ಕಡಿಮೆ. ಸಿಡಿಲಿನಂಥ ತಾನುಗಳಿಗೆ ಬೆರಗಾದೆ, ಮುಖದ ಸೆಳೆತಗಳನ್ನೂ ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಚಾಚುತ್ತಿದ್ದ ಕೈಗಳನ್ನೂ ಕಂಡು ಚಕಿತನಾದೆ, ಅಷ್ಟೇ. ಪಕ್ಕದ ರೈತ ಮಾತ್ರ ಪ್ರತಿ ಸಲ ಸಮ್ಮಿಗೆ ಸರಿಯಾಗಿ ತೊಡೆ ತಟ್ಟುತ್ತಿದ್ದ. ಶಾಲೆಯ ಮೆಟ್ಟಿಲನ್ನೇ ಹತ್ತಿದವನಂತೆ ಕಾಣದ ಆ ಮನುಷ್ಯನಿಗೆ ತಿಳಿದದ್ದು ಪದವೀಧರನಾಗುತ್ತಿದ್ದ ನನಗೇಕೆ ತಿಳಿಯಲಿಲ್ಲ? ಬೆಳಗಿನ ಜಾವ ಚಹಾದ ಹೊತ್ತಿಗೆ ಅವನನ್ನೇ ಕೇಳಿದೆ. “ವರ್ಷಾ ಬರ್ತೀನ್ರಿ” ಎಂದನೇ ಹೊರತು ಬೇರೆ ವಿವರಣೆ ಕೊಡಲಿಲ್ಲ.

ವೃತ್ತಿಯಿಂದ ಮಾಸ್ತರನಾದ ನನಗೆ ಭೀಮಸೇನರ ಬಾಲ್ಯದ ಕಥೆಯಲ್ಲಿ ವಿಶೇಷ ಆಸಕ್ತಿ. ಅವರ ತಂದೆ ಗುರುರಾಜ ಜೋಶಿಯವರೂ ಶಾಲಾ ಶಿಕ್ಷಕರು. 1922ರ ಫೆಬ್ರವರಿ 4ರಂದು ರೋಣದಲ್ಲಿ ಹುಟ್ಟಿದ ಹುಡುಗ, ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆ ಕೇಳಿ ತಲೆ ಕೆಡಿಸಿಕೊಂಡು, 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿಹೋದ. ಗ್ವಾಲಿಯರ್, ಜಲಂಧರ್ ಎಂದೆಲ್ಲ ಅಲೆದು ಕಡೆಗೆ ಬಂದು ಸೇರಿದ್ದು ಹುಟ್ಟೂರಿಗೆ ಬಹು ದೂರವಲ್ಲದ ಕುಂದಗೋಳದ ಸವಾಯಿ ಗಂಧರ್ವರನ್ನು. ಅಲ್ಲಿ ನೀರು ಹೊರುವುದರಿಂದ ಹಿಡಿದು ಮನೆಗೆಲಸವೆಲ್ಲ ಮಾಡಿ ಕಲಿತದ್ದು ಎಷ್ಟು ರಾಗ? ಮುಂಜಾನೆ ತೋಡಿ, ಮಧ್ಯಾಹ್ನದ ಮೇಲೆ ಮುಲ್ತಾನಿ, ಸಂಜೆ ಪೂರಿಯಾ. ವರ್ಷಗಟ್ಟಲೆ ಈ ಮೂರರ ಮೇಲೆಯೇ ಸಾಧನೆ. ಇಂದು ಮೂರು ತಿಂಗಳಲ್ಲಿ ಮೂವತ್ತು ರಾಗ ಕಲಿಸುವ ಜಾಹೀರಾತುಗಳನ್ನು ನೋಡಿದಾಗ ನನಗೆ ನಗು ಬರುವುದು ಈ ಕಾರಣಕ್ಕೇ. ಹಾಡುವವನೇ ಒಂದು ರಾಗವನ್ನು ಸಾವಿರಾರು ಬೆಳಗುಗಳಲ್ಲಿ ತಿರುವಿ ಹಾಕುತ್ತಾನೆಂದ ಮೇಲೆ, ಅದನ್ನು ಒಂದೇ ಸಲ ಕೇಳಿ ‘ಆಯಿತು’ ಎಂದು ಏಳುವ ಹಕ್ಕು ಕೇಳುವವನಿಗೆ ಎಲ್ಲಿಂದ ಬಂತು?

ನೌಕರಿ ಸೇರಿ ಊರಿಗೆ ಮರಳಿದ ಮೇಲೆ ಡಿಸೆಂಬರ್ ತಿಂಗಳು ನನಗೆ ಪುಣೆಯ ತಿಂಗಳಾಯಿತು. 1952ರಲ್ಲಿ ಗುರುಗಳು ತೀರಿಕೊಂಡ ಮರುವರ್ಷದಿಂದ ಭೀಮಸೇನರು ಮುಂದೆ ನಿಂತು ಪುಣೆಯಲ್ಲಿ ನಡೆಸಿಕೊಂಡು ಬಂದ ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋಗಲೆಂದೇ ಸಾಂದರ್ಭಿಕ ರಜೆಯಲ್ಲಿ ಮೂರು ದಿನ ಎತ್ತಿಡುತ್ತಿದ್ದೆ. ಚಿಮ್ಮನಚೋಡದಿಂದ ಬಸ್ಸಿನಲ್ಲಿ ಗುಲ್ಬರ್ಗಾ, ಅಲ್ಲಿಂದ ರಾತ್ರಿಯ ರೈಲು. ಶಹಾಬಾದಿನ ಶಿಕ್ಷಕ ಮಿತ್ರರೊಬ್ಬರು ಜೊತೆಗಾರರು. ವಾಡಿಯ ಕಡೆಯಿಂದ ಬರುವ ಗಾಡಿ ಮೊದಲು ಶಹಾಬಾದನ್ನು ಮುಟ್ಟುವುದರಿಂದ ಅವರು ಮುಂಚೆಯೇ ಹತ್ತಿ, ಟವೆಲು ಹಾಸಿ ನನ್ನ ಜಾಗ ಕಾಯುತ್ತಿದ್ದರು. ಗುಲ್ಬರ್ಗಾದಲ್ಲಿ ಜನರಲ್ ಡಬ್ಬಿಗೆ ನುಗ್ಗಿ ಆ ಟವೆಲನ್ನು ಹುಡುಕುವುದು ನನ್ನ ಕೆಲಸ. ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಮೊಸರು. ಪುಣೆಯಲ್ಲಿ ಖೋಲಿ ಹಿಡಿಯುವ ಗೊಡವೆಯೇ ಇರಲಿಲ್ಲ; ಆಗ ರಾತ್ರಿಯಿಡೀ ಹಾಡು, ಹಗಲೆಲ್ಲ ಎಲ್ಲಿಯಾದರೂ ನೆರಳಲ್ಲಿ ನಿದ್ದೆ. ಬಹುಕಾಲ ಕೊನೆಯ ದಿನದ ಕೊನೆಯ ಗಾಯನ ಭೀಮಸೇನರದೇ ಆಗಿತ್ತು. ಅದಕ್ಕಾಗಿ ಮೂರು ರಾತ್ರಿ ಕಾಯುವುದರಲ್ಲಿಯೂ ಒಂದು ಸುಖವಿತ್ತು.

ಅವರ ಶುದ್ಧ ಕಲ್ಯಾಣವನ್ನು ನಾನು ಏಳು ಸಲ ಕೇಳಿದ್ದೇನೆ. ಆರೋಹಣದಲ್ಲಿ ಭೂಪಾಲಿಯಂತೆ (ನಮ್ಮ ಕಡೆಯ ಕರ್ನಾಟಕಿಯವರು ಮೋಹನ ಎನ್ನುವರು) ಐದೇ ಸ್ವರ. ಇಳಿಯುವಾಗ ನಿಷಾದವೂ ತೀವ್ರ ಮಧ್ಯಮವೂ ಮೀಂಡಿನ ಒಳಗೆ ನೆರಳಿನಂತೆ ಸೋಕಿ ಮರೆಯಾಗುತ್ತವೆ. ಈ ನೆರಳು ಮೊದಲ ಎರಡು ಸಲ ನನ್ನ ಕಿವಿಗೆ ಬೀಳಲೇ ಇಲ್ಲ, ತಾನು ಮಾತ್ರ ಕೇಳಿಸಿತು. ಮೂರನೆಯ ಸಲ, ಹಾಡು ಶುರುವಾಗುವ ಮುನ್ನ ಷಡ್ಜವೊಂದನ್ನೇ ಹಿಡಿದು ಅವರು ಎಷ್ಟು ಹೊತ್ತು ನಿಂತರೆಂಬುದು ಗಮನಕ್ಕೆ ಬಂತು. ಪಂಚಮದಿಂದ ಗಾಂಧಾರಕ್ಕೆ ಜಾರುವ ದಾರಿಯಲ್ಲಿ ಆ ಮಧ್ಯಮದ ಸುಳಿವು ಹತ್ತಿದ್ದು ನಾಲ್ಕನೆಯ ಸಲ, ಅದೂ ಪಕ್ಕದ ಮುದುಕರೊಬ್ಬರು ಅದೇ ಜಾಗದಲ್ಲಿ ಕಣ್ಣು ಮುಚ್ಚಿದ್ದರಿಂದ. ಆಮೇಲೆ ವಾಲಾವಲಕರರ ಹಾರ್ಮೋನಿಯಂ ಎಷ್ಟು ಹಿತಮಿತವಾಗಿ ಹಿಂಬಾಲಿಸುತ್ತದೆ, ನಾನಾ ಮುಳೆಯವರ ತಬಲಾ ಎಷ್ಟು ಸಂಯಮದಿಂದ ಠೇಕಾ ಹಿಡಿದಿದೆ, ಹಿಂದೆ ತಂಬೂರಿ ಹಿಡಿದ ಮಾಧವ ಗುಡಿಯವರು ಗುರುವಿನ ಉಸಿರು ಮುಗಿಯುವ ಕ್ಷಣವನ್ನು ಹೇಗೆ ಮುಂಚಿತವಾಗಿ ಅರಿತು ದನಿಗೂಡಿಸುತ್ತಾರೆ ಎಂಬುದೆಲ್ಲ ಒಂದೊಂದಾಗಿ ತೆರೆಯಿತು. ರಾಗ ಅದೇ, ಗಾಯಕರೂ ಅವರೇ. ಬದಲಾಗುತ್ತ ಬಂದದ್ದು ನನ್ನ ಕಿವಿ.

ನನ್ನ ವಿದ್ಯಾರ್ಥಿಗಳಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಲೋಪ, ಆಗಮ, ಆದೇಶ ಸಂಧಿಗಳನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದ್ದೇನೆ. ಕರಿಹಲಗೆಯ ಮೇಲಿನ ಉದಾಹರಣೆಗಳೂ ಹೆಚ್ಚುಕಡಿಮೆ ಅವೇ. ಆದರೂ 1975ರ ಪಾಠ 1995ರದಾಗಿರಲಿಲ್ಲ ಎಂದು ಆಣೆಯಿಟ್ಟು ಹೇಳಬಲ್ಲೆ. ಎರಡೂ ತರಗತಿಗಳಲ್ಲಿ ಕುಳಿತವರು ಯಾರೂ ಇಲ್ಲದ್ದರಿಂದ (ಎರಡು ವರ್ಷ ಒಂದೇ ತರಗತಿಯಲ್ಲಿ ಕುಳಿತ ಕೆಲವರನ್ನು ಬಿಟ್ಟು, ಅವರು ಈ ಬರಹವನ್ನು ಓದಿ ನಗುತ್ತಿರಬಹುದು) ಈ ಮಾತಿಗೆ ಸಾಕ್ಷಿ ಸಿಗುವುದು ಕಷ್ಟ.

ಭೀಮಸೇನರು ಆಯ್ದ ಕೆಲವೇ ರಾಗಗಳನ್ನು ಹಾಡುತ್ತಾರೆ, ಅಪರೂಪದ್ದನ್ನು ಮುಟ್ಟುವುದಿಲ್ಲ ಎಂದು ವಿಮರ್ಶಕರು ಅವರ ಜೀವಿತಕಾಲದಲ್ಲಿಯೇ ಆಕ್ಷೇಪಿಸಿದ್ದರು. ಈ ಆಕ್ಷೇಪದಲ್ಲಿ ಒಂದಂಶ ಸತ್ಯವಿಲ್ಲವೆಂದಲ್ಲ. ಅಪೂರ್ವ ರಾಗ, ಜೋಡುರಾಗಗಳ ಭಂಡಾರ ಬೇಕಾದವರು ಮಲ್ಲಿಕಾರ್ಜುನ ಮನಸೂರರ ಬಳಿಗೆ ಹೋಗಬೇಕಾಗಿತ್ತು, ನಾವೂ ಹೋಗುತ್ತಿದ್ದೆವು. ಭೀಮಸೇನರೂ ಕಲಾಶ್ರೀಯಂಥ ರಾಗವನ್ನು ಕಟ್ಟಿದವರೇ. ಆದರೆ ಹೊಸದನ್ನು ಕೊಡಲಿಲ್ಲವೆಂದು ದೂರುವವರು ಸಂಗೀತವನ್ನು ವಸ್ತುಸಂಗ್ರಹಾಲಯವೆಂದು ತಿಳಿದಿದ್ದಾರೆ, ಒಂದು ಕೋಣೆ ನೋಡಿಯಾದ ಮೇಲೆ ಮುಂದಿನ ಕೋಣೆ. ಮನೆಯಲ್ಲಿ ವಾಸಿಸುವವನು ಹಾಗೆ ಕೋಣೆ ಎಣಿಸುವುದಿಲ್ಲ.

ಕ್ಯಾಸೆಟ್ಟು ಕೇಳಿದರೆ ಸಾಲದೇ ಎಂಬ ಪ್ರಶ್ನೆಯೂ ಉಂಟು. ನನ್ನಲ್ಲಿಯೂ ಕ್ಯಾಸೆಟ್ಟುಗಳಿದ್ದವು, ಅವುಗಳ ಉಪಕಾರ ದೊಡ್ಡದು. ಮೊದಲು 78 ಆರ್‌ಪಿಎಂ ತಟ್ಟೆಯಲ್ಲಿ ಮೂರು ಮೂರೂವರೆ ನಿಮಿಷ, ಆಮೇಲೆ ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ, ಅಷ್ಟರೊಳಗೆ ರಾಗವನ್ನು ಮಡಚಿ ಇಡಬೇಕಾಗಿತ್ತು. ಎದುರಿಗೆ ಕುಳಿತಾಗ ಅದೇ ರಾಗ ಒಂದು ತಾಸು, ಕೆಲವೊಮ್ಮೆ ಹೆಚ್ಚು. ಈಗ ಮೊಬೈಲಿನಲ್ಲಿ ಪೂರ್ಣ ಕಚೇರಿಗಳೇ ಸಿಗುತ್ತವೆ, ಕಾಲದ ಅಡ್ಡಿ ಹೋಯಿತು, ನಿಜ. ಹೋಗದೆ ಉಳಿದದ್ದು ಇನ್ನೊಂದಿದೆ. ಧ್ವನಿಮುದ್ರಣದಲ್ಲಿ ಮುಂದೇನಾಗುವುದೆಂಬುದು ನಿಶ್ಚಿತ. ಕಂಠ ಒಡೆದೀತೆಂಬ ಭಯ ಅಲ್ಲಿಲ್ಲ. ಮೇಲಿನ ಷಡ್ಜದತ್ತ ಅವರು ಏರುತ್ತಿರುವಾಗ ಸಾವಿರಾರು ಜನ ಉಸಿರು ಬಿಗಿಹಿಡಿಯುವುದು, ಮುಟ್ಟಿದೊಡನೆ ಅಷ್ಟೂ ಉಸಿರು ಒಟ್ಟಿಗೆ ಬಿಡುಗಡೆಯಾಗುವುದು, ಇದನ್ನು ಯಾವ ಪಟ್ಟಿಯೂ ಹಿಡಿದಿಟ್ಟಿಲ್ಲ.

ಅಮೆರಿಕದಲ್ಲಿ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡವೊಂದಿತ್ತೆಂದು ಅಳಿಯನಿಂದಲೇ ತಿಳಿದೆ. 1965ರಿಂದ 1995ರವರೆಗೆ, ಮುಖ್ಯ ಗಾಯಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ, ಎರಡು ಸಾವಿರಕ್ಕೂ ಮಿಕ್ಕಿ ಕಾರ್ಯಕ್ರಮ ನೀಡಿದ ತಂಡ. ಅವರ ಹಿಂದೆ ಊರಿಂದೂರಿಗೆ ಅಲೆಯುವ ಅಭಿಮಾನಿಗಳ ಒಂದು ಜಾತ್ರೆಯೇ ಇತ್ತಂತೆ. ಯಾವ ರಾತ್ರಿ ಯಾವ ಹಾಡು, ಅದು ಎಷ್ಟು ಬೆಳೆದೀತು ಎಂಬುದು ಮೊದಲೇ ನಿಗದಿಯಾಗುತ್ತಿರಲಿಲ್ಲ. ಟೇಪ್ ಮಾಡಿಕೊಳ್ಳುವವರಿಗೂ ಅವರು ತಡೆಯೊಡ್ಡಲಿಲ್ಲ, 1984ರಿಂದ ಅಂಥವರಿಗೆ ಪ್ರತ್ಯೇಕ ಜಾಗವನ್ನೇ ಕೊಟ್ಟರು. ಸೋಜಿಗವೆಂದರೆ ಟೇಪು ಕೈಯಲ್ಲಿದ್ದವರೇ ಮರುದಿನ ಮತ್ತೆ ಬರುತ್ತಿದ್ದರು. ಕುಂದಗೋಳದ ಆ ರೈತ ಅವರ ನಡುವೆ ಕುಳಿತಿದ್ದರೆ ಪರಕೀಯನೆನಿಸುತ್ತಿರಲಿಲ್ಲವೇನೋ.

ಇಲ್ಲಿ ಅಳಿಯನಿಗೂ ನನಗೂ ಒಂದು ಭಿನ್ನಾಭಿಪ್ರಾಯವಿದೆ. “ಮಾಮಾ, ನಮ್ಮವ್ರು ರೆಕಾರ್ಡಿನ್ಯಾಗ ಇದ್ಹಂಗೇ ಹಾಡ್ತಾರ. ಹಂಗೇ ಬೇಕ್ರಿ ನಮಗ. ಎಲ್ಲಾರೂ ಕೂಡಿ ಹಾಡ್ಬೇಕಲ್ಲ” ಎನ್ನುತ್ತಾನೆ. ಹಾಗಾದರೆ ನೀನು ಕೇಳಲು ಹೋಗುವುದಲ್ಲ, ಹಾಡಲು ಹೋಗುವುದು ಎಂದು ಛೇಡಿಸಿದೆ. ಆಮೇಲೆ ಯೋಚಿಸಿದಾಗ ಇದರಲ್ಲಿಯೂ ತಿರುಳಿದೆ ಎನ್ನಿಸಿತು. ಭೀಮಸೇನರ ದಾಸವಾಣಿಯಲ್ಲಿ ಆಗುತ್ತಿದ್ದುದೂ ಇದೇ ಅಲ್ಲವೇ? ‘ಭಾಗ್ಯದಾ ಲಕ್ಷ್ಮೀ ಬಾರಮ್ಮ’ ಮುಂದೇನಾಗುವುದೆಂದು ಸಭೆಯಲ್ಲಿ ಯಾರಿಗೆ ತಿಳಿಯದು? ನಮ್ಮ ಮನೆಯಾಕೆಗೆ ಖಯಾಲಿಗಿಂತ ದಾಸವಾಣಿಯೇ ಹೆಚ್ಚು. 1986ರಲ್ಲಿ ಮೊದಲ ಸಲ ನನ್ನೊಡನೆ ಹುಬ್ಬಳ್ಳಿಗೆ ಬಂದಾಗ, “ನೀವು ಕೇಳೂದು ಒಂದು ತಾಸಿನ ಆ ಆ ಆ, ನಾ ಕೇಳೂದು ಮಾತು” ಎಂದಿದ್ದಳು. ಆಮೇಲೆ ಆಕೆಯೂ ಬರತೊಡಗಿ, ಹಾಡು ಮುಗಿಯುವ ಮುನ್ನವೇ ಮುಂದಿನ ಸಾಲನ್ನು ತುಟಿಯಲ್ಲಿ ಹಿಡಿದು ಕುಳಿತಿರುತ್ತಿದ್ದಳು. ಹೊಸದನ್ನು ನಿರೀಕ್ಷಿಸಿ ಮರಳುವುದು ಒಂದು. ತಿಳಿದದ್ದೇ ಬರಲೆಂದು ಮರಳುವುದು ಇನ್ನೊಂದು. ಎರಡನೆಯದನ್ನು ಕೀಳೆಂದು ಬಗೆಯುವ ಪಂಡಿತರು ನಮ್ಮ ಮನೆಯಲ್ಲಿ ಸೋತುಹೋಗುತ್ತಿದ್ದರು.

ನಾನು ಒಪ್ಪದೇ ಇರುವುದು ಖಯಾಲಿನ ನಡುವೆ ಎದ್ದು ದಾಸರ ಪದಕ್ಕೋ ಅಭಂಗಕ್ಕೋ ಕೂಗಿ ಫರ್ಮಾಯಿಷಿ ಮಾಡುವವರನ್ನು. ಊಟದ ನಡುವೆ ಪಾಯಸ ಕೇಳಿದಂತಲ್ಲ ಅದು, ಅಡುಗೆಯವನ ಕೈಯಿಂದ ಸೌಟು ಕಿತ್ತುಕೊಂಡಂತೆ.

ಕಾಲವೂ ಬದಲಾಯಿತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ನಿಷೇಧಿಸುವ ನಿಯಮ 2000ದಲ್ಲಿ ಬಂತು, 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಬಿಗಿಗೊಳಿಸಿತು. ರೋಗಿಗಳು, ಓದುವ ಮಕ್ಕಳ ದೃಷ್ಟಿಯಿಂದ ನ್ಯಾಯವಾದ ನಿಯಮವೇ. ಆದರೆ ಅಹೋರಾತ್ರಿ ಸಂಗೀತ ಸಂಜೆಗೆ ಸರಿದಾಗ ದರಬಾರಿ, ಮಾಲಕೌಂಸಗಳಂಥ ಅಪರಾತ್ರಿಯ ರಾಗಗಳು ತಮ್ಮ ಹೊತ್ತನ್ನು ಕಳೆದುಕೊಂಡವು. ಈಗಿನವರು ಅವನ್ನು ಕೇಳುವುದು ಊಟಕ್ಕೆ ಮುಂಚೆ.

ಕೊನೆಯ ಸಲ ನಾನು ಅವರನ್ನು ಕೇಳಿದ್ದು 2007ರ ಡಿಸೆಂಬರಿನಲ್ಲಿ, ಪುಣೆಯ ರಮಣಬಾಗ್ ಶಾಲೆಯ ಮೈದಾನದಲ್ಲಿ. 2005ರಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಹಾಡುವುದೇ ವಿರಳವಾಗಿತ್ತು. ಶಹಾಬಾದಿನ ಮಿತ್ರರು ಆ ಸಲ ಬರಲೊಪ್ಪಲಿಲ್ಲ. ಗಂಡಾಳಿನ ಆ ಕಂಠವನ್ನು ಕಿವಿಯಲ್ಲಿ ಇಟ್ಟುಕೊಂಡವನು ಮುಪ್ಪಿನ ದನಿಯನ್ನು ಕೇಳಿ ಅದನ್ನು ಕೆಡಿಸಿಕೊಳ್ಳಬಾರದು ಎಂಬುದು ಅವರ ವಾದ. ನಾವಿಬ್ಬರೇ ಹೋದೆವು. ಉಸಿರು ಮೊದಲಿನಂತಿರಲಿಲ್ಲ, ತಾನು ಎಷ್ಟೋ ಕಡೆ ಅರ್ಧಕ್ಕೇ ನಿಂತಿತು. ಮೂವತ್ತು ಸಲ ಕೇಳಿದ್ದವನಿಗೆ ಆ ನಿಂತ ಜಾಗದಿಂದ ಮುಂದಿನ ದಾರಿ ಗೊತ್ತಿತ್ತು. ಸುತ್ತ ಕುಳಿತವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಅವರು ಬಿಟ್ಟಲ್ಲಿ ಸಭೆ ಮನಸ್ಸಿನಲ್ಲಿಯೇ ತುಂಬಿಕೊಳ್ಳುತ್ತಿತ್ತು. ಮೊದಲ ಬಾರಿಗೆ ಬಂದಿದ್ದ ಒಬ್ಬ ತರುಣ “ಇಷ್ಟೇನಾ?” ಎಂಬಂತೆ ನಮ್ಮ ಮುಖ ನೋಡಿದ. ಅವನದೇನೂ ತಪ್ಪಿರಲಿಲ್ಲ, ಅವನು ಕೇಳಿದ್ದು ಅಷ್ಟನ್ನೇ. ಅದೇ ಅವರ ಕೊನೆಯ ಸಾರ್ವಜನಿಕ ಗಾಯನವಾಯಿತು. ಮರುವರ್ಷ ಭಾರತರತ್ನ ಘೋಷಣೆಯಾಯಿತು. 2011ರ ಜನವರಿ 24ರಂದು ಅವರು ತೀರಿಕೊಂಡರು. ನಮ್ಮ ಮನೆಯಾಕೆ ಅದಕ್ಕಿಂತ ಎಂಟು ತಿಂಗಳು ಮೊದಲೇ ಹೋಗಿದ್ದಳು. ಮಿತ್ರರ ವಾದಕ್ಕೆ ನನ್ನ ಉತ್ತರ ಇಷ್ಟೇ: ಮುಪ್ಪಿನ ದನಿ ನನ್ನ ಕಿವಿಯಲ್ಲಿದ್ದ ಯೌವನದ ದನಿಯನ್ನು ಕೆಡಿಸಲಿಲ್ಲ, ಎರಡೂ ಬೇರೆ ಬೇರೆಯಾಗಿ ಉಳಿದಿವೆ.

ಹಣದ ಮಾತನ್ನು ತಪ್ಪಿಸಿಕೊಳ್ಳುವಂತಿಲ್ಲ, ತಂಗಿಯ ನೋವಿರುವುದು ಅಲ್ಲಿಯೇ. ನನ್ನ ಪುಣೆಯ ಪ್ರಯಾಣ ಎಂದೂ ಮನೆಯ ಕಾಳುಕಡಿಯ ಹಣವನ್ನು ಮುಟ್ಟಲಿಲ್ಲ. ಟ್ಯೂಷನ್ ಹೇಳದ ನಾನು ಪರೀಕ್ಷಾ ಮೌಲ್ಯಮಾಪನದ ಭತ್ಯೆಯನ್ನು ಅದಕ್ಕೆಂದು ತೆಗೆದಿಡುತ್ತಿದ್ದೆ. ಅಳಿಯನ ಸಾಲದ ಕಂತು ತಪ್ಪಿಲ್ಲವೆಂದು ವಿಚಾರಿಸಿ ತಿಳಿದಿದ್ದೇನೆ. ಅವನ ತಂಡ 2025ರಲ್ಲಿ ಐವತ್ತನೆಯ ವರ್ಷದ ಪ್ರವಾಸ ಆರಂಭಿಸಿತು. ಅವರ ಗಾಯಕ ಬ್ರೂಸ್ ಡಿಕಿನ್ಸನ್ 2015ರಲ್ಲಿ ನಾಲಿಗೆಯ ಕ್ಯಾನ್ಸರಿನಿಂದ ಗುಣಮುಖನಾಗಿ ಮತ್ತೆ ವೇದಿಕೆ ಹತ್ತಿದವನು. ಡ್ರಮ್ ಬಾರಿಸುವ ನಿಕೋ ಮೆಕ್‌ಬ್ರೇನ್ 2024ರ ಡಿಸೆಂಬರಿನಲ್ಲಿ ಪ್ರವಾಸದಿಂದ ನಿವೃತ್ತನಾದ. “ಉಳದವ್ರು ಇನ್ನ ಎಷ್ಟ್ ವರ್ಷ ಬರ್ತಾರ್ರಿ, ಮಾಮಾ?” ಎಂದು ಅಳಿಯ ಕೇಳಿದ ದನಿಯಲ್ಲಿ ಹುಚ್ಚಿಗಿಂತ ಆತಂಕವೇ ಹೆಚ್ಚಾಗಿತ್ತು. ಹೋಗಲಿ ಬಿಡು ಎಂದು ತಂಗಿಗೆ ಹೇಳಿದ್ದೇನೆ. ಅವಳು ನನ್ನೊಡನೆ ಎರಡು ವಾರ ಮಾತು ಬಿಟ್ಟಿದ್ದಾಳೆ.

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ನಮ್ಮೂರ ಗುಡಿಯಲ್ಲಿ ಅಮಾವಾಸ್ಯೆಯ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡುವ ಹಿರಿಯರನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಕಡಕೋಳ ಮಡಿವಾಳಪ್ಪನವರದು, ಖೈನೂರ ಕೃಷ್ಣಪ್ಪನವರದು, ಚೆನ್ನೂರ ಜಲಾಲಸಾಹೇಬರದು, ಅವೇ ಪದಗಳನ್ನು ಅವರು ನಲವತ್ತು ವರ್ಷಗಳಿಂದ ಹಾಡುತ್ತಿದ್ದಾರೆ. ನೀವು ಚಿಕ್ಕವರಿದ್ದಾಗ ಗುಡಿಯ ಕಟ್ಟೆ ತುಂಬಿ ಬೀದಿಯಲ್ಲಿ ಜನ ಕೂಡುತ್ತಿದ್ದರು. ಎರಡು ವರ್ಷಗಳ ಹಿಂದೆ ಊರ ತರುಣರು ಶ್ರದ್ಧೆಯಿಂದ ಅವರ ಪದಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದು ವಾಟ್ಸಾಪ್ ಬಳಗಕ್ಕೆ ಹಾಕಿದರು. ಒಳ್ಳೆಯ ಕೆಲಸ, ನಾನೇ ಬೆನ್ನು ತಟ್ಟಿದೆ. “ಈಗ ಎಲ್ಲಾ ಪದ ನಮ್ಮ ಹತ್ರ ಅದಾವ್ರಿ ಸರ್” ಎಂದರು. ಕಳೆದ ಅಮಾವಾಸ್ಯೆಗೆ ಗುಡಿಯಲ್ಲಿ ಕುಳಿತವರು ಹನ್ನೊಂದು ಜನ, ನನ್ನನ್ನೂ ಸೇರಿಸಿ. ಹಾಡುವವರು ಎಂದಿನಂತೆ ಹಾಡಿದರು. ನಡುವೆ ಒಮ್ಮೆ ಒಂದು ನುಡಿಯನ್ನು ಎಂದೂ ಹಾಡದ ಧಾಟಿಯಲ್ಲಿ ಎತ್ತಿಕೊಂಡು, ತಾವೇ ನಕ್ಕು, ಮತ್ತೆರಡು ಸಲ ಹಾಡಿದರು. ಅದು ಯಾರ ಮೊಬೈಲಿನಲ್ಲಿಯೂ ಇಲ್ಲ.

ಕಲಬುರಗಿ, ಸೇಡಂ, ತಾಂಡೂರುಗಳಲ್ಲಿ ಇರುವವರು ಮುಂದಿನ ಅಮಾವಾಸ್ಯೆಗೆ ಬರುವುದಾದರೆ ಹಗಲಿನಲ್ಲಿಯೇ ಬನ್ನಿರಿ. ಮಳೆಗಾಲವಾದರೆ ಮುಲ್ಲಾಮಾರಿಯ ಸೇತುವೆಯ ಮೇಲೆ ನೀರಿದೆಯೇ ಎಂದು ಫೋನು ಮಾಡಿ ಕೇಳಿಕೊಂಡು ಹೊರಡಿರಿ. ಹಾಡು ಶುರುವಾಗುವುದು ಒಂಬತ್ತರ ಮೇಲೆ. ಊಟ ನಮ್ಮಲ್ಲಿ, ಬೆಳಗಿನ ಚಹಾವೂ ನಮ್ಮಲ್ಲಿಯೇ.